ನಾನು ಸ್ಟೂಡೆಂಟ್, ಅವರು ಬ್ಯಾಚುಲರ್

ಹುಶ್ಶ್... ಅಂತ ಒಂದು ಸದ್ದು. ಬಸ್ಸಿನ ಏರ್ ಬ್ರೇಕಿನದ್ದು. ತೊಂಬತ್ತರ ದಶಕದ ನನ್ನ ಸೌದಿ ಜೀವನಕ್ಕೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಒಂಟೆಯ ಗಂಟೆಯನ್ನು ಕೊಡುವುದಿಲ್ಲ, ಮರಳುಗಾಳಿಯನ್ನೂ ಕೊಡುವುದಿಲ್ಲ, ಇದನ್ನೇ ಕೊಡುತ್ತೇನೆ. (ಒಂಟೆಯನ್ನು ನಾನು ಹದಿನಾರು ವರ್ಷದಲ್ಲಿ ನೋಡಿದ್ದು ಎರಡೇ ಸಲ. ಎರಡು ಸಲವೂ ಅದು ಪಿಕಪ್ಪಿನ ಹಿಂದೆ ಆರಾಮವಾಗಿ ಕುಳಿತು ನನ್ನನ್ನು ನೋಡುತ್ತಿತ್ತು.) ದಹ್ರಾನಿನ ನಮ್ಮ ಕಾಂಪೌಂಡಿನೊಳಗೆ ಸಂಜೆ ಐದಕ್ಕೆ ಐದು ನಿಮಿಷ ಇರುವಾಗ, ಅಬ್ಕೈಕಿನ ಎಣ್ಣೆ ಪ್ಲಾಂಟಿನಿಂದ ಗಂಡಂದಿರನ್ನು ತುಂಬಿಕೊಂಡು ಬಂದ ಕಂಪೆನಿ ಬಸ್ಸು ನಿಂತು ಒಂದು ದೊಡ್ಡ ನಿಟ್ಟುಸಿರು ಬಿಡುತ್ತಿತ್ತು. ಅದು ಕೇಳಿದ ಕೂಡಲೇ ನಮ್ಮ ಸಾಲಿನ ಹದಿನಾಲ್ಕು ಮನೆಗಳಲ್ಲಿ ಹದಿನಾಲ್ಕು ಹೆಂಗಸರು ಹದಿನಾಲ್ಕು ಸ್ಟವ್ ಹಚ್ಚಿ ಚಹಾಕ್ಕೆ ನೀರು ಇಡುತ್ತಿದ್ದೆವು. ಯಾರೂ ಕಲಿಸಿದ್ದಲ್ಲ. ಈಗ ನನಗೆ ಎಪ್ಪತ್ತೇಳು. ಇವತ್ತಿಗೂ ಕಂಕನಾಡಿಯಲ್ಲಿ ಸಿಟಿ ಬಸ್ಸು ನಿಂತು ಹುಶ್ಶ್ ಅಂದರೆ ನನ್ನ ಬಲಗೈ ಲೈಟರ್ ಹುಡುಕುತ್ತದೆ.

ಇದನ್ನು ಓದಿ ನಾನು ಬಹಳ ವಿಧೇಯ ಹೆಂಗಸು ಅಂತ ನೀವು ತೀರ್ಮಾನ ಮಾಡಬೇಡಿ. ವಿಧೇಯಳಲ್ಲ, ವಿಧೇಯಳ ಹಾಗೆ ಕಾಣುವ ಟ್ರೈನಿಂಗ್ ಮಾತ್ರ ಆಗಿದೆ. ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು, ತಲೆಯ ಮೇಲೆ ಅಟ್ಲಾಸ್ ಇಟ್ಟು ನಮ್ಮನ್ನು ವೆರಾಂಡಾದುದ್ದ ನಡೆಸುತ್ತಿದ್ದರು. "ಗರ್ಲ್ಸ್, ಎ ಲೇಡಿ ನೆವರ್ ರನ್ಸ್" ಅನ್ನುತ್ತಿದ್ದರು. ಓಡಬಾರದು ಅಂದರು ಹೊರತು ಹೋಗಬಾರದು ಅಂತ ಅವರು ಯಾವತ್ತೂ ಹೇಳಲಿಲ್ಲ. ನಾನು ಅಷ್ಟನ್ನು ಸರಿಯಾಗಿ ಕೇಳಿಸಿಕೊಂಡೆ.

ಹೋಗುವ ಚಾನ್ಸು ಒಮ್ಮೆ ತಪ್ಪಿತ್ತು. ಬಿ.ಎ. ಮುಗಿಸಿ, ಅದೇ ಕಾನ್ವೆಂಟಿನ ಶಾಲೆಯಲ್ಲಿ ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳುತ್ತಾ ಟೀಚರ್ಸ್ ಟ್ರೈನಿಂಗಿನ ಸೀಟಿಗೆ ಕಾದು ಕುಳಿತಿದ್ದೆ. ಸೀಟು ಬಂದ ವಾರವೇ ಅಲ್ಫೋನ್ಸ್ ಕೂಡ ಬಂದರು. ಸೀಟಿಗೆ ಒಂದು ತಿಂಗಳು ಟೈಮ್ ಇತ್ತು, ಅಲ್ಫೋನ್ಸರಿಗೆ ಮೂರೇ ವಾರ. ಸೌದಿ ವೀಸಾ ಕೈಯಲ್ಲಿತ್ತಲ್ಲ. ಮನೆಯವರೆಲ್ಲ ಸೇರಿ ಯಾವುದು ಮೊದಲು ಎಕ್ಸ್‌ಪೈರ್ ಆಗುತ್ತದೋ ಅದನ್ನು ಮೊದಲು ಮುಗಿಸುವ ಅಂದರು. ಮುಗಿಸಿದರು. ಮದುವೆಯಾಗಿ ಹದಿನೆಂಟನೆಯ ದಿನ ಅಲ್ಫೋನ್ಸ್ ಅಬ್ಕೈಕಿಗೆ ಹೋದರು, ಅಲ್ಲಿ ಬ್ಯಾಚುಲರ್ ಕ್ಯಾಂಪಿನಲ್ಲಿ ಹನ್ನೊಂದು ವರ್ಷ ಇದ್ದರು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಎರಡು ಮಕ್ಕಳ ತಂದೆಯಾಗಿ, ಆದರೂ ಬ್ಯಾಚುಲರ್! ಗಲ್ಫಿನಲ್ಲಿ ಬ್ಯಾಚುಲರ್ ಅಂದರೆ ಮದುವೆಯಾಗದವನಲ್ಲ, ಹೆಂಡತಿಯನ್ನು ತರಲು ಕಂಪೆನಿ ಇನ್ನೂ ಒಪ್ಪದವನು. ಒಪ್ಪಿದ ಮೇಲೆ ಅವನಿಗೆ 'ಫ್ಯಾಮಿಲಿ ಸ್ಟೇಟಸ್' ಬರುತ್ತದೆ. ಅಲ್ಫೋನ್ಸ್ ಸೇಫ್ಟಿ ಇನ್‌ಸ್ಪೆಕ್ಟರ್ ಆದ ವರ್ಷ ನಮಗೂ ಆ ಸ್ಟೇಟಸ್ ಬಂತು. ಜೊತೆಗೆ ದಹ್ರಾನಿನ ಕಾಂಪೌಂಡಿನಲ್ಲಿ ಮೂರು ಕೋಣೆಯ ಮನೆ, ಎದುರಿಗೆ ಒಂದು ಚಾಪೆಯಷ್ಟು ಅಗಲದ ಹುಲ್ಲು. ಅವರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರ್ಮಿಟಿನ, ಪುಸ್ತಕದ ಒಳಪುಟದಲ್ಲಿ ಅಂಚೆಚೀಟಿಯಷ್ಟು ಗಾತ್ರದಲ್ಲಿ ನಾನು.

ಎಂಟು ವರ್ಷ ಹಾಗೆ ಕಳೆಯಿತು. ಮಕ್ಕಳು ದೊಡ್ಡವರಾಗಿ ಮಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ ನಾನು ಕಾಂಪೌಂಡಿನ ಒಳಗೇ ಇದ್ದ ನರ್ಸರಿಯಲ್ಲಿ ಟೀಚರ್ ಆಗಿ ಸೇರಿಕೊಂಡೆ. ಅದನ್ನು ನಡೆಸುತ್ತಿದ್ದವಳು ಕಿರ್ಸ್ಟನ್, ಡೆನ್ಮಾರ್ಕಿನವಳು, ಒಬ್ಬ ಇಂಜಿನಿಯರನ ಹೆಂಡತಿ. ಉದ್ದಕ್ಕೆ ಅಡಿಕೆ ಮರದ ಹಾಗೆ ಇದ್ದಳು, ಮಾತು ಬಹಳ ಕಡಿಮೆ. ಒಂದು ದಿನ ಮಕ್ಕಳ ಬಣ್ಣದ ಡಬ್ಬಿ ತೊಳೆಯುತ್ತಾ, "ಜೂಲಿಯಾನಾ, ನೀನು ಆರ್ಹುಸಿಗೆ ಹೋಗುತ್ತೀಯಾ?" ಅಂತ ಕೇಳಿದಳು, ಮೂಲೆ ಅಂಗಡಿಗೆ ಹೋಗುತ್ತೀಯಾ ಅನ್ನುವ ಹಾಗೆ. ಆರ್ಹುಸ್ ಅವಳ ಊರು. ಅಲ್ಲಿ ಅವಳು ಕಲಿತ ನರ್ಸರಿ ಟೀಚರ್ಸ್ ಕಾಲೇಜಿನವರು ಎಕ್ಸ್‌ಚೇಂಜ್ ಸ್ಟೂಡೆಂಟ್ ತೆಗೆದುಕೊಳ್ಳುತ್ತಾರಂತೆ. ಅಲ್ಲಿಂದ ಒಬ್ಬಳು ಇಲ್ಲಿಗೆ, ಇಲ್ಲಿಂದ ಒಬ್ಬಳು ಅಲ್ಲಿಗೆ, ಐದು ತಿಂಗಳಿಗೆ. ಬರುವವಳು ಕಿರ್ಸ್ಟನಳ ತಂಗಿಯ ಮಗಳೇ, ಅವಳ ಮನೆಯಲ್ಲೇ ಇರುತ್ತಾಳೆ. ಹೋಗುವವಳು ಬೇಕು.

"ನನಗೆ ನಲ್ವತ್ತಾರು," ಅಂದೆ ನಾನು.

"ಹಾಂ," ಅಂದಳು ಕಿರ್ಸ್ಟನ್. "ಫಾರ್ಮಿನಲ್ಲಿ ಅದನ್ನೂ ಬರೆಯಬೇಕು."

ಎರಡು ತಿಂಗಳಲ್ಲಿ ಒಂದು ಕವರು ಬಂತು, ಅದರ ಮೇಲೆ ನನ್ನದೇ ಹೆಸರು. ಮಿಸೆಸ್ ಅಲ್ಫೋನ್ಸ್ ಅಲ್ಲ, ಕೇರ್ ಆಫ್ ಕೂಡ ಅಲ್ಲ. ನಾನು ಅದನ್ನು ತೆರೆಯದೆ ಒಂದು ಗಂಟೆ ಮೇಜಿನ ಮೇಲೆ ಇಟ್ಟು ನೋಡಿದೆ. ಹೋಗುತ್ತೇನೆ ಅಂತ ನಿಶ್ಚಯ ಮಾಡಿದ್ದು ಆಗಲೇ. ಒಳಗೆ ಎಂತ ಬರೆದಿದೆ ಅನ್ನುವುದು ಆಮೇಲಿನ ಮಾತು.

ಆದರೆ ಸೌದಿಯಿಂದ ಹೊರಡಲು ನಿಶ್ಚಯ ಸಾಕಾಗುವುದಿಲ್ಲ, ಹೋಗಿ ವಾಪಸ್ ಬರುವ ವೀಸಾ, ಎಕ್ಸಿಟ್ ರೀಎಂಟ್ರಿ, ಬೇಕು. ಅದರ ಫಾರ್ಮಿಗೆ ಗಂಡ ಸೈನ್ ಹಾಕಬೇಕು. ಇದರ ಮೇಲೆ ನಮ್ಮ ಕಂಪೆನಿಯದ್ದೇ ಒಂದು ರೂಲು ಇತ್ತು: ಹೆಂಡತಿ ಮೂರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಗಂಡ ಪುನಃ ಬ್ಯಾಚುಲರ್. ಮನೆ ಕ್ಯೂನಲ್ಲಿ ಮುಂದೆ ಇರುವವರಿಗೆ ಹೋಗುತ್ತದೆ, ಅವನು ಅಬ್ಕೈಕಿನ ಕ್ಯಾಂಪಿಗೆ. ಹೆಂಡತಿ ವಾಪಸ್ ಬಂದಾಗ ಯಾವುದಾದರೂ ಮನೆ ಖಾಲಿ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಹೆಂಡತಿ ಊರಿಗೆ. ಅಂದರೆ ನಾನು ಐದು ತಿಂಗಳು ಸ್ಟೂಡೆಂಟ್ ಆಗಬೇಕಾದರೆ ಅಲ್ಫೋನ್ಸ್ ಐದು ತಿಂಗಳು ಬ್ಯಾಚುಲರ್ ಆಗಬೇಕು, ಹನ್ನೊಂದು ವರ್ಷ ಕಾದು ಪಡೆದ ಮನೆಯನ್ನು ಬಿಟ್ಟುಕೊಡಬೇಕು. ಅದೂ ಐವತ್ತೆರಡನೆಯ ಪ್ರಾಯದಲ್ಲಿ, ಮಂಡಿನೋವಿನೊಂದಿಗೆ.

ಅಲ್ಫೋನ್ಸ್ ಕವರನ್ನು ಪೂರ್ತಿ ಓದಿದರು. ಕನ್ನಡಕ ತೆಗೆದರು. ಮರುದಿನ ಆಫೀಸಿನಿಂದ ಅವರ ಸೇಫ್ಟಿ ಇನ್‌ಸ್ಪೆಕ್ಷನ್ನಿನ ಒಂದು ಫಾರ್ಮ್ ತಂದು, ನೀಟಾಗಿ ಮೂರು ಕಾಲಂ ತುಂಬಿಸಿ ನನ್ನ ಮುಂದಿಟ್ಟರು. ಇಡೀ ಆಯುಷ್ಯ ಪೈಪು, ವಾಲ್ವು, ಹೆಲ್ಮೆಟ್ಟು ಅಂತ ನೋಡಿದ ಮನುಷ್ಯ, ಹೆಂಡತಿಗೂ ಅದೇ ಫಾರ್ಮು. ಅಪಾಯ: ಐಸ್, ಪರಿಣಾಮ: ಸೊಂಟ, ನಿಯಂತ್ರಣ: ಹೊರಗೆ ಹೋಗದಿರುವುದು. ಅಪಾಯ: ಸೈಕಲ್, ಪರಿಣಾಮ: ಸೊಂಟ, ನಿಯಂತ್ರಣ: ಹತ್ತದಿರುವುದು. ಅಪಾಯ: ಊಟದ ಮೇಜಿನ ಮೇಲೆ ಉರಿಯುವ ಮೇಣದ ಬತ್ತಿ, ಪರಿಣಾಮ: ಬೆಂಕಿ, ನಿಯಂತ್ರಣ: ಬೇರೆ ಮೇಜು. ಕೊನೆಗೆ ನಾಲ್ಕನೆಯದು, ಹಂದಿ ಮಾಂಸ. ಅದರ ಮುಂದೆ ಪರಿಣಾಮವನ್ನೂ ಬರೆದಿರಲಿಲ್ಲ, ನಿಯಂತ್ರಣವನ್ನೂ ಬರೆದಿರಲಿಲ್ಲ. ಮಂಗಳೂರಿನ ಕ್ರಿಶ್ಚಿಯನ್ ಗಂಡಸು ಸೌದಿಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ಆ ಕಾಲಂ ಖಾಲಿ ಬಿಡುವುದೇ ಮರ್ಯಾದೆ.

"ಇದೆಲ್ಲ ಸರಿ," ಅಂದೆ. "ಸೈನ್ ಹಾಕಿ."

"ಹೋಗಬೇಡ ಅಂತ ನಾನು ಹೇಳುವುದಿಲ್ಲ ಜೂಲಿ."

"ಹಾಗಾದರೆ ಹಾಕಿ."

"ಹಾಕುವುದಿಲ್ಲ ಅಂತಲೂ ಹೇಳುವುದಿಲ್ಲ."

"ಹಾಗಾದರೆ ಎಂತ ಹೇಳುವುದು ನೀವು?"

"ನೋಡುವ," ಅಂದರು ಅಲ್ಫೋನ್ಸ್.

ಈ 'ನೋಡುವ' ಅನ್ನುವುದನ್ನು ಹೊರಗಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಇಲ್ಲ ಅಂದರೆ ಜಗಳ ಮಾಡಬಹುದು, ಹೌದು ಅಂದರೆ ಸೂಟ್‌ಕೇಸ್ ಇಳಿಸಬಹುದು. ನೋಡುವ ಅಂದರೆ ಎಂತ ಮಾಡುವುದು? ನನ್ನ ತಂದೆಯವರು ನನ್ನ ಟ್ರೈನಿಂಗ್ ಸೀಟಿಗೆ ಇದೇ ಮಾತು ಹೇಳಿದ್ದರು, ಅದನ್ನು ಅವರು ಸಾಯುವ ತನಕ ನೋಡಿದರು.

ಅಕ್ಕಪಕ್ಕದವರಿಗೆ ವಿಷಯ ಗೊತ್ತಾದದ್ದು ಗುರುವಾರದ ಬರ್ತ್‌ಡೇಯಲ್ಲಿ. ನಮ್ಮ ಕಾಂಪೌಂಡಿನ ಮಂಗಳೂರು ಉಡುಪಿಯ ಹೆಂಗಸರಿಗೆ ಪ್ರತಿ ಗುರುವಾರ ಯಾರದ್ದಾದರೂ ಬರ್ತ್‌ಡೇ ಇರುತ್ತಿತ್ತು. ಇಗರ್ಜಿ ಇಲ್ಲದ ಊರಿನಲ್ಲಿ ಹತ್ತು ಜನ ಒಟ್ಟಿಗೆ ಕೂತು ಜಪಸರ ಹೇಳಬೇಕಾದರೆ ಒಂದು ಕೇಕು ಬೇಕಾಗುತ್ತದೆ. ಪರದೆ ಎಳೆದು, ಸ್ವರ ತಗ್ಗಿಸಿ ಜಪಸರ ಮುಗಿಸಿ, ಆಮೇಲೆ ಸ್ವರ ಎತ್ತರಿಸಿ ಹ್ಯಾಪಿ ಬರ್ತ್‌ಡೇ ಹಾಡುವುದು. ಒಂದೇ ವರ್ಷದಲ್ಲಿ ನನಗೆ ಆರು ಸಲ ಪ್ರಾಯ ಹೆಚ್ಚಾಗಿದೆ. ಆ ಗುರುವಾರ ಕೇಕು ಕತ್ತರಿಸುವ ಮೊದಲೇ ಫಿಲೋಮಿನಾ ಬಾಯಿ ಚೂರಿಯನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಸಾಲಿಗೆಲ್ಲ ಅವರೇ ಹಿರಿಯರು.

"ಜೂಲಿ, ನೀನು ಕಲೀಲಿಕ್ಕೆ ಹೋಗ್ತೀಯಂತೆ. ಒಳ್ಳೆಯದು. ಅಲ್ಫೋನ್ಸನಿಗೆ ಯಾರು ಗತಿ?"

"ಹನ್ನೊಂದು ವರ್ಷ ಯಾರು ಗತಿಯಾಗಿದ್ದರೋ ಅವರೇ."

"ಆಗ ಅವನಿಗೆ ಪ್ರಾಯ ಇತ್ತು ಮಾರಾಯ್ತಿ!"

"ನನಗೂ ಇತ್ತು," ಅಂದೆ. ಅಷ್ಟು ಗಟ್ಟಿಯಾಗಿ ಹೇಳುವ ಅಂದಾಜು ನನಗೂ ಇರಲಿಲ್ಲ. ಆಗ ಮೂಲೆಯಲ್ಲಿ ಕುಳಿತಿದ್ದ ಉಡುಪಿಯ ಸೆವ್ರಿನ್, ಮೆತ್ತಗಿನ ಹುಡುಗಿ, ಮೆಲ್ಲನೆ ಕೇಳಿದಳು: "ಜೂಲಿಯಾಂಟಿ, ಅಲ್ಲಿ ಅದು ಸಿಗ್ತದಂತೆ ಅಲ್ವಾ?"

"ಯಾವುದು?"

"ಅದೇ... ನಮ್ಮಲ್ಲಿ ಮದುವೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಮಾಡುವುದು."

"ಅಲ್ಲಿ ಬೇರೆ ಎಂತದ್ದೂ ಸಿಗುವುದಿಲ್ಲವಂತೆ," ಅಂದೆ. "ಬೆಳಿಗ್ಗೆ ಅದು, ಮಧ್ಯಾಹ್ನ ಅದು, ರೊಟ್ಟಿಗೆ ಹಚ್ಚುವುದೂ ಅದರದ್ದೇ ಲಿವರು."

ಹತ್ತು ಹೆಂಗಸರು ಒಟ್ಟಿಗೆ ಉಸಿರು ಬಿಟ್ಟರು. ಫಿಲೋಮಿನಾ ಬಾಯಿ ಚೂರಿ ಕೆಳಗಿಟ್ಟು ಮೇಲೆ ನೋಡಿ, "ಎಂಥ ಆಶೀರ್ವಾದ ಇದ್ದ ದೇಶ" ಅಂದರು. ವಿರೋಧ ಅಲ್ಲಿಗೆ ಅರ್ಧ ಕಡಿಮೆಯಾಯಿತು. ಕಡಿಮೆಯಾದ ಅರ್ಧವನ್ನು ನನ್ನ ಮಗಳು ಮಂಗಳೂರಿನಿಂದ ಫೋನಿನಲ್ಲಿ ತುಂಬಿಸಿದಳು. "ಮಮ್ಮಿ, ನಾನು ಸೆಕೆಂಡ್ ಬಿಎಸ್‌ಸಿ. ನೀನೂ ಸ್ಟೂಡೆಂಟ್ ಆದರೆ ನಾನು ಫ್ರೆಂಡ್ಸ್‌ಗೆ ಎಂತ ಹೇಳುವುದು?" "ನಿನಗೆ ನೋಟ್ಸ್ ಬೇಕಾದರೆ ಕೇಳು ಅಂತ ಹೇಳು," ಅಂತ ಫೋನಿಟ್ಟೆ.

ಹೊರಗಿನವರನ್ನು ಹೀಗೆ ಬಾಯಿಯಿಂದ ಗೆಲ್ಲಬಹುದು. ಮನೆಯೊಳಗಿನ 'ನೋಡುವ' ಹಾಗೇ ಇತ್ತು, ಎಕ್ಸಿಟ್ ರೀಎಂಟ್ರಿಯ ಫಾರ್ಮು ಅಲ್ಫೋನ್ಸರ ಬ್ಯಾಗಿನಲ್ಲಿ ದಿನಾ ಅಬ್ಕೈಕಿಗೆ ಹೋಗಿ ಬರುತ್ತಿತ್ತು. ಸೈನ್ ಇಲ್ಲ. ಕಾಲೇಜಿಗೆ ಉತ್ತರ ಕೊಡಲು ಉಳಿದದ್ದು ಎರಡು ವಾರ. ಒಂದು ಸಂಜೆ ನಾನು ಅವರ ಮುಂದೆ ನಿಂತು, ಬೆನ್ನು ನೆಟ್ಟಗೆ ಮಾಡಿ, ತಲೆಯ ಮೇಲೆ ಅಟ್ಲಾಸ್ ಇದ್ದ ಹಾಗೆ, ಕೇಳಿಬಿಟ್ಟೆ: "ನೀವು ಹನ್ನೊಂದು ವರ್ಷ ಬ್ಯಾಚುಲರ್ ಆಗಿದ್ದಾಗ ನಾನು ಎಂತ ಆಗಿದ್ದೆ ಅಲ್ಫೋನ್ಸ್? ಅದಕ್ಕೆ ಒಂದು ಹೆಸರು ಕೂಡ ಇಲ್ಲ. ನಿಮಗೆ ಕ್ಯಾಂಪ್ ಇತ್ತು, ಮೊಯ್ದಿನ್ ಇದ್ದರು. ನನಗೆ ನಿಮ್ಮ ಅಮ್ಮ ಇದ್ದರು."

ಮೊಯ್ದಿನ್ ಅಂದರೆ ಕ್ಯಾಂಪಿನಲ್ಲಿ ಆ ಹನ್ನೊಂದು ವರ್ಷವೂ ಇವರ ರೂಮ್‌ಮೇಟ್. ಉಳ್ಳಾಲದ ಕಡೆಯ ಬ್ಯಾರಿ, ಕ್ರೇನ್ ಆಪರೇಟರ್. ಕೆಲವು ಶುಕ್ರವಾರ ಮೀನು ಹಿಡಿದುಕೊಂಡು ನಮ್ಮ ಮನೆಗೂ ಬರುತ್ತಿದ್ದರು. ಕ್ರಿಶ್ಚಿಯನ್ನರನ್ನು ಕರೆಯುವ ಊರಿನ ರೂಢಿಯಂತೆ ಇವರನ್ನು 'ಪೊರ್ಬುಗಳು' ಅಂತಲೂ ನನ್ನನ್ನು 'ಬಾಯಮ್ಮ' ಅಂತಲೂ ಕರೆಯುತ್ತಿದ್ದರು.

ಅಲ್ಫೋನ್ಸ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ "ಹೂಂ" ಅಂದರು. 'ನೋಡುವ'ದಿಂದ 'ಹೂಂ'ಗೆ ಬಂದದ್ದು ಪ್ರೋಗ್ರೆಸ್ಸೇ, ಆದರೆ ಹೀಗೇ ಅಕ್ಷರ ಕಡಿಮೆಯಾಗುತ್ತಾ ಹೋದರೆ ಕೋರ್ಸ್ ಮುಗಿಯುತ್ತದೆ.

ನನ್ನ ಹತ್ತಿರ ಇದ್ದ ಆಯುಧ ಒಂದೇ, ಚಹಾ. ಮರುದಿನ ಸಂಜೆ ಬಸ್ಸು ಬಂತು. ಹದಿಮೂರು ಸ್ಟವ್ ಹೊತ್ತಿದವು, ಹದಿನಾಲ್ಕನೆಯದು ಹೊತ್ತಲಿಲ್ಲ. ನಾನು ಸೋಫಾದಲ್ಲಿ ಒಂದು ಮ್ಯಾಗಜಿನ್ ಹಿಡಿದು ಕುಳಿತಿದ್ದೆ, ತಲೆಕೆಳಗಾಗಿ ಹಿಡಿದದ್ದು ಆಮೇಲೆ ಗೊತ್ತಾಯಿತು. ಅಲ್ಫೋನ್ಸ್ ಒಳಗೆ ಬಂದು, ತಣ್ಣಗಿದ್ದ ಸ್ಟವ್ ನೋಡಿ, ನನ್ನನ್ನು ನೋಡಿ, ಒಂದು ಗ್ಲಾಸು ನೀರು ಕುಡಿದು ಬಾತ್‌ರೂಮಿಗೆ ಹೋದರು. ಎರಡನೆಯ ದಿನವೂ ಅದೇ. ಮೂರು, ನಾಲ್ಕು, ಐದು. ನೀವು ನಂಬುವುದಿಲ್ಲ, ಅದು ನನಗೆ ಎಷ್ಟು ಕಷ್ಟವಾಯಿತು ಅಂತ! ಮನುಷ್ಯ ಮರುಭೂಮಿಯ ಬಿಸಿಲಲ್ಲಿ ಹತ್ತು ಗಂಟೆ ದುಡಿದು ಬರುತ್ತಾರೆ, ಒಂದು ಮಾತು ಆಡುವುದಿಲ್ಲ, ದೂರುವುದಿಲ್ಲ, ನೀರು ಕುಡಿಯುತ್ತಾರೆ. ಏಳನೆಯ ದಿನ ಕೈ ತಾನಾಗಿ ಕೆಟ್ಲಿಗೆ ಹೋಯಿತು, ನಾನು ಆ ಕೈಯ ಮೇಲೆ ಕುಳಿತುಕೊಂಡೆ. ಅಕ್ಷರಶಃ. ಒಂಬತ್ತನೆಯ ಸಂಜೆ ಅಲ್ಫೋನ್ಸ್ ಬ್ಯಾಗ್ ತೆರೆದು ಫಾರ್ಮನ್ನು ಮೇಜಿನ ಮೇಲಿಟ್ಟರು. ನನ್ನ ಪತ್ನಿ ಓದಲು ಹೋಗುವುದಕ್ಕೆ ನನ್ನ ಆಕ್ಷೇಪವಿಲ್ಲ, ಕೆಳಗೆ ಅವರ ಗುಂಡಗಿನ ಸೈನು.

ನಾನು ಓಡಿ ಹೋಗಿ (ಸಿಸ್ಟರ್ ಕ್ಷಮಿಸಲಿ) ಚಹಾ ಮಾಡಿದೆ, ಏಲಕ್ಕಿ ಹಾಕಿ, ಹಾಲು ಹೆಚ್ಚು ಹಾಕಿ. ಅಲ್ಫೋನ್ಸ್ ಅರ್ಧ ಕುಡಿದು ಕಪ್ ಸರಿಸಿದರು. "ಸಾಕು ಜೂಲಿ, ಹೋಗುವುದಿಲ್ಲ." ಪಾಪ, ದುಃಖದಿಂದ ಗಂಟಲಲ್ಲಿ ಇಳಿಯುತ್ತಿಲ್ಲ ಅಂತ ನನ್ನ ಕರುಳು ಕಿತ್ತು ಬಂತು. ಆದರೂ ಫಾರ್ಮನ್ನು ಮಾತ್ರ ಅಲ್ಲಿಂದ ತೆಗೆದು ನನ್ನ ದಿಂಬಿನ ಕವರಿನೊಳಗೆ ಹಾಕಿದೆ.

ಕಂಪೆನಿಯ ಪೇಪರ್ ಕೆಲಸದ ಆಫೀಸಿನಲ್ಲಿ ಈಜಿಪ್ತಿನವರು ಒಬ್ಬರಿದ್ದರು. ಫಾರ್ಮ್ ಓದಿ, ತಲೆಯೆತ್ತಿ, "ಸ್ಟೂಡೆಂಟ್ ಎಲ್ಲಿ?" ಅಂತ ಕೇಳಿದರು. ಅಲ್ಫೋನ್ಸ್ ನನ್ನನ್ನು ತೋರಿಸಿದರು. ಆ ಮನುಷ್ಯ ನನ್ನನ್ನು ನೋಡಿ, ನನ್ನ ಹಿಂದೆ ಬಗ್ಗಿ ನೋಡಿ, "ಮಗಳನ್ನು ಕಾರಿನಲ್ಲಿ ಬಿಟ್ಟು ಬಂದಿರಾ?" ಅಂದರು. ನಾನು ಕಾನ್ವೆಂಟ್ ಇಂಗ್ಲಿಷಿನಲ್ಲಿ "ಐ ಆಮ್ ದ ಸ್ಟೂಡೆಂಟ್, ಸರ್" ಅಂದೆ. ಅವರು ಪೆನ್ನು ಇಟ್ಟು ಅಲ್ಫೋನ್ಸರ ಕೈ ಕುಲುಕಿದರು. ಅದು ಅಭಿನಂದನೆಯೋ ಸಂತಾಪವೋ ಈವರೆಗೆ ಗೊತ್ತಿಲ್ಲ. ಆರು ತಿಂಗಳೊಳಗೆ ವಾಪಸ್ ಬರದಿದ್ದರೆ ವೀಸಾ ಖಲಾಸ್ ಅಂತ ನೆನಪಿಸಿ, ಯಲ್ಲಾ, ಇನ್ನು ಹೊರಡಿ, ಅಂತ ಸೀಲು ಒತ್ತಿದರು.

ಹೊರಡುವ ದಿನ ಮನೆಯ ನಡುವೆ ಎರಡು ಸೂಟ್‌ಕೇಸು. ಒಂದರಲ್ಲಿ ಕಿರ್ಸ್ಟನ್ ಕೊಟ್ಟ ಉಣ್ಣೆಯ ಕೋಟು. ಇನ್ನೊಂದರಲ್ಲಿ ನಾಲ್ಕು ಲುಂಗಿ, ಒಂದು ಉಪ್ಪಿನಕಾಯಿ ಬಾಟ್ಲಿ, ಮಂಡಿಗೆ ಹಚ್ಚುವ ಎಣ್ಣೆ. ಏರ್‌ಪೋರ್ಟಿನಲ್ಲಿ ನಾನು ಅತ್ತೆ, ಅವರು ಅಳಲಿಲ್ಲ. "ಐಸಿನ ಮೇಲೆ ಪಾದ ಚಪ್ಪಟೆ ಇಡು" ಅಂದರು.

ಆರ್ಹುಸಿನ ಹಾಸ್ಟೆಲಿನಲ್ಲಿ ಒಂದು ಕಾರಿಡಾರಿಗೆ ಹನ್ನೆರಡು ರೂಮು, ಒಂದು ಅಡುಗೆಮನೆ. ಉಳಿದ ಹನ್ನೊಂದು ಜನರಿಗೆ ನನ್ನ ಮಕ್ಕಳ ಪ್ರಾಯ. ಮೊದಲ ದಿನ ನಾನು ಸೀರೆಯ ಮೇಲೆ ಕೋಟು ಹಾಕಿ ಅಡುಗೆಮನೆಗೆ ಹೋದಾಗ ಒಬ್ಬರೂ ಏಳಲಿಲ್ಲ. ಇಪ್ಪತ್ತಮೂರು ವರ್ಷ ಒಂದಲ್ಲ ಒಂದು ಕಡೆ ಟೀಚರೋ ಆಂಟಿಯೋ ಆದವಳಿಗೆ ಅದು ಕೆನ್ನೆಗೆ ಹೊಡೆದ ಹಾಗೆ. ಕಿವಿಯಲ್ಲಿ ರಿಂಗ್ ಹಾಕಿದ ಒಬ್ಬ ಯುವಕ ಫ್ರಿಜ್ಜಿನ ಮೇಲಿನ ಪಟ್ಟಿ ತೋರಿಸಿ, "ಜೂಲಿಯಾನಾ, ಆರನೇ ವಾರ ನೆಲ ನಿನ್ನದು" ಅಂದ. ಅವರಲ್ಲಿ ತಾರೀಕು ಹೇಳುವುದಿಲ್ಲ, ವರ್ಷದ ವಾರಕ್ಕೆಲ್ಲ ನಂಬರು ಕೊಟ್ಟಿದ್ದಾರೆ. ರೂಮಿಗೆ ಬಂದು ಬಾಗಿಲು ಹಾಕಿ ಸಿಟ್ಟು ಮಾಡಲು ಕುಳಿತೆ. ಸಿಟ್ಟು ಬರಲಿಲ್ಲ. ದಹ್ರಾನಿನಲ್ಲಿ ಎಂಟು ವರ್ಷ ನಾನು ಮಿಸೆಸ್ ಅಲ್ಫೋನ್ಸ್, ಮದಾಮ್, ರೋಶನನ ಮಮ್ಮಿ. ಪೂರ್ತಿ ಹೆಸರು ಹಿಡಿದು ಕರೆದವಳು ಕಿರ್ಸ್ಟನ್ ಒಬ್ಬಳೇ. ಇಲ್ಲಿ ನೆಲ ಒರೆಸಲಾದರೂ ಸರಿ, ಜೂಲಿಯಾನಾಳನ್ನೇ ಕರೆಯುತ್ತಿದ್ದಾರೆ. ಆರನೇ ವಾರ ನಾನು ಒರೆಸಿದ ಹಾಗೆ ಆ ನೆಲವನ್ನು ಅದಕ್ಕಿಂತ ಮೊದಲೂ ಯಾರೂ ಒರೆಸಿಲ್ಲ, ಆಮೇಲೂ ಒರೆಸಿರಲಿಕ್ಕಿಲ್ಲ.

ಕಾಲೇಜಿನವರು ನಮ್ಮನ್ನು ನರ್ಸರಿಗಳಿಗೆ ಕಳುಹಿಸುತ್ತಿದ್ದರು. ಅಲ್ಲಿ ನಾನು ನೋಡಿದ್ದನ್ನು ಅಲ್ಫೋನ್ಸರ ಫಾರ್ಮಿನಲ್ಲಿ ಬರೆಯಲು ಹೊರಟರೆ ಕಾಲಂ ಸಾಲದು. ಮೈನಸ್ ಎರಡರ ಚಳಿಯಲ್ಲಿ ಶಿಶುಗಳನ್ನು ಗಾಡ್ರೆಜ್ ಕಪಾಟಿನಷ್ಟು ದೊಡ್ಡ ತಳ್ಳುಗಾಡಿಯಲ್ಲಿ ಹೊರಗೆ ಸಾಲಾಗಿ ಮಲಗಿಸುತ್ತಾರೆ. ಐದು ವರ್ಷದ ಮಕ್ಕಳ ಕೈಗೆ ನಿಜವಾದ ಚೂರಿ ಕೊಟ್ಟು ಕೋಲು ಕೆತ್ತಲು ಬಿಡುತ್ತಾರೆ. ಒಂದು ಹುಡುಗಿ ಮರದ ತುದಿಗೆ ಹತ್ತಿದಾಗ ನಾನು "ಜೇಸುವೇ!" ಅಂತ ಕಿರುಚಿ ಓಡಿದೆ. ನಮ್ಮ ಟೀಚರ್ ನನ್ನ ತೋಳು ಹಿಡಿದು ಹೇಳಿದ್ದು ಒಂದೇ ಮಾತು: "ಸ್ವಲ್ಪ ಕಾಯು. ಇಳಿಯುತ್ತಾಳೆ." ನಾನು ಕೈ ಹಿಂದೆ ಕಟ್ಟಿ ನಿಂತೆ. ಹುಡುಗಿ ಇಳಿದಳು. ನನ್ನ ಬದುಕಿನಲ್ಲಿ ಯಾರಾದರೂ ನನ್ನನ್ನು ಹಾಗೆ ಮರ ಹತ್ತಲು ಬಿಟ್ಟು, ಕೈ ಹಿಂದೆ ಕಟ್ಟಿ, ಕೆಳಗೆ ನಿಂತು ನೋಡಿದ್ದರೆ ಅಂತ ಅನ್ನಿಸಿದ್ದು ಸುಳ್ಳಲ್ಲ. ಜೂನಿನಲ್ಲಿ ಓರಲ್ ಪರೀಕ್ಷೆ. ಏನು ಕಲಿತೆ ಅಂತ ಕೇಳಿದಾಗ ಇದನ್ನೇ ಹೇಳಿದೆ. ಪಾಸಾದೆ. ಸರ್ಟಿಫಿಕೇಟಿನಲ್ಲಿ ಅವರ ಭಾಷೆಯ ಮೂರು ಅಕ್ಷರ ನನಗೆ ಓದಲು ಬರುವುದಿಲ್ಲ, ಉಳಿದದ್ದೆಲ್ಲ ನನ್ನ ಹೆಸರೇ.

ಆದರೆ ಪ್ರತಿ ಶುಕ್ರವಾರ ಕ್ಯಾಂಪಿಗೆ ಫೋನ್ ಮಾಡುವಾಗ ಈ ಧೈರ್ಯವೆಲ್ಲ ಇಳಿಯುತ್ತಿತ್ತು. "ಎಂತ ತಿಂದಿರಿ?" "ಎಂತದ್ದೋ ಒಂದು." "ಮಂಡಿ ನೋವು?" "ಮ್ಯಾನೇಜಿಂಗ್." "ನಿದ್ದೆ?" "ಬರ್ತದೆ." ಅಷ್ಟೇ. ಫೋನಿಟ್ಟು ಅಡುಗೆಮನೆಗೆ ಬಂದರೆ ಯಾರೋ ಹುರಿದ ಹಂದಿ ಮಾಂಸ ನನ್ನ ತಟ್ಟೆಗೂ ಹಾಕಿರುತ್ತಿದ್ದರು. ಕಣ್ಣೀರಿಟ್ಟು ತಿಂದೆ. ಎರಡನೆಯ ಸಲ ಹಾಕಿಸಿಕೊಂಡದ್ದನ್ನೂ ಕಣ್ಣೀರಿಟ್ಟೇ ತಿಂದೆ. ಕಾಗದದಲ್ಲಿ ಮಾತ್ರ ಸೆನ್ಸಾರಿಗೆ ಹೆದರಿ ಅದನ್ನು 'ನಮ್ಮೂರ ತರಕಾರಿ' ಅಂತ ಬರೆಯುತ್ತಿದ್ದೆ.

ವಾಪಸ್ ಬಂದಾಗ ಅಲ್ಫೋನ್ಸರ ಮುಖ ಉರುಟಾಗಿತ್ತು. ಕ್ಯಾಂಪಿನ ಕೆಟ್ಟ ನೀರಿಗೆ ಊದಿದೆ ಅಂತ ಮೂರು ವಾರ ಗಂಜಿಯ ಪಥ್ಯ ಮಾಡಿಸಿದೆ. ಹಳೆಯ ಮನೆ ಹೋಗಿತ್ತು. ಸಿಕ್ಕಿದ್ದು ಕಾಂಪೌಂಡಿನ ಹಿಂಬದಿಯಲ್ಲಿ ಜನರೇಟರಿನ ಪಕ್ಕ ಎರಡು ಕೋಣೆ. ಹುಲ್ಲು ಇಲ್ಲ, ಗೋಡೆ ಮಾತ್ರ ಇಪ್ಪತ್ತನಾಲ್ಕು ಗಂಟೆ ಗುಂಯ್‌ಗುಡುತ್ತಿತ್ತು. ಫಿಲೋಮಿನಾ ಬಾಯಿ ಬಂದು, "ಎಂಥ ಮನೆ ಕಳಕೊಂಡೆ ಜೂಲಿ" ಅಂದರು. "ಮನೆ ಕಳಕೊಂಡದ್ದು ನಾನು. ನಿಮಗೆ ಯಾಕೆ ಬೇಜಾರು?" ಅಂದೆ. ಆಮೇಲೆ ಕಿರ್ಸ್ಟನ್ ಊರಿಗೆ ಹೋದಳು, ಸೌದಿ ಬಿಡುವವರೆಗೂ ಆ ನರ್ಸರಿ ನಡೆಸಿದ್ದು ನಾನೇ. ನಮ್ಮ ಕಾಂಪೌಂಡಿನ ಒಂದೇ ಒಂದು ಮರದ ಮೇಲೆ ಯಾವಾಗಲೂ ಒಂದು ಮಗು ಇರುತ್ತಿತ್ತು, ಕೆಳಗೆ ನಾನು ಕೈ ಹಿಂದೆ ಕಟ್ಟಿ ನಿಂತಿರುತ್ತಿದ್ದೆ. ಹೋದದ್ದಕ್ಕೆ ನಾನು ಯಾರಿಗೂ ಸಾರಿ ಹೇಳಲಿಲ್ಲ, ಅಲ್ಫೋನ್ಸರಿಗೂ ಹೇಳಲಿಲ್ಲ.

ಅವರೂ ಕೇಳಲಿಲ್ಲ. ಅವರ ಹತ್ತಿರ ಬೇರೆ ಉಪಾಯ ಇತ್ತು. ಯಾವ ಜಗಳದಲ್ಲಾದರೂ ತಾನು ಸೋಲುವ ಹಾಗೆ ಕಂಡರೆ ಕನ್ನಡಕ ತೆಗೆದು, ಕಿಟಕಿಯ ಕಡೆ ನೋಡಿ, "ಆ ಐದು ತಿಂಗಳು..." ಅಂತ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ನಾನು ಒಳಗೆ ಹೋಗಿ ಮೀನು ಫ್ರೈ ಮಾಡುತ್ತಿದ್ದೆ. ಸಾರಿ ಬಾಯಲ್ಲಿ ಹೇಳಲಾಗದವರು ಹಾಗೆ ಕಾವಲಿಯ ಮೇಲೆ ಹೇಳುತ್ತಾರೆ. ಮಂಗಳೂರಿಗೆ ಬಂದ ಮೇಲೂ ಹಾಗೆಯೇ. ಹೆಚ್ಚುಕಡಿಮೆ ಮೂವತ್ತು ವರ್ಷ ಆ ಅರ್ಧ ವಾಕ್ಯದ ಮೇಲೆ ಮನುಷ್ಯ ಅಂಜಲ್ ಫ್ರೈ ತಿಂದಿದ್ದಾರೆ.

ಎರಡು ವರ್ಷದ ಹಿಂದೆ ಅಲ್ಫೋನ್ಸ್ ತೀರಿಕೊಂಡರು. ಏಳನೆಯ ದಿನದ ಪೂಜೆ ಮುಗಿಸಿ ಬಂದು ಮನೆ ತುಂಬ ನೆಂಟರು ಕುಳಿತಿದ್ದಾಗ ಮೊಯ್ದಿನ್ ಬಂದರು. ಬಿಳಿ ಗಡ್ಡ, ಕೈಯಲ್ಲಿ ಖರ್ಜೂರದ ಪ್ಯಾಕೆಟು. ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತು ಪ್ಯಾಕೆಟನ್ನು ನನ್ನ ಕೈಗೆ ಕೊಟ್ಟರು. ಆಮೇಲೆ, "ಪೊರ್ಬುಗಳು ಎರಡನೇ ಸಲ ರೂಮಿಗೆ ಬಂದ ಐದು ತಿಂಗಳು ಉಂಟಲ್ಲ ಬಾಯಮ್ಮ, ನಮ್ಮ ಕ್ಯಾಂಪಿಗೆ ಅಂಥ ಟೈಮ್ ಪುನಃ ಬರಲಿಲ್ಲ" ಅಂದರು.

"ತುಂಬಾ ಕಷ್ಟಪಟ್ಟರಲ್ಲವಾ ಮೊಯ್ದಿನ್?"

"ಕಷ್ಟವಾ? ದಿನಾ ಕ್ಯಾರಂ. ಶುಕ್ರವಾರ ಬಿರಿಯಾನಿ. ಅವರ ಕೊಂಕಣಿ ಪದ ಕೇಳ್ಲಿಕ್ಕೆ ಪಕ್ಕದ ಬ್ಲಾಕಿನ ಪಾಕಿಸ್ತಾನಿಗಳು ಬರ್ತಿದ್ರು. ಕಷ್ಟ ಆದದ್ದು ಬರುವ ಮೊದಲು ಬಾಯಮ್ಮ. ಅವರ ಹಳೆ ಮಂಚ, ಕಿಟಕಿ ಹತ್ತಿರದ್ದು, ಅದರಲ್ಲಿ ಒಬ್ಬ ಮಲಯಾಳಿ ವೆಲ್ಡರ್ ಇದ್ದ. ಬಿಡುವುದಿಲ್ಲ ಅಂತ ಹಟ. ಪೊರ್ಬುಗಳು ಒಂಬತ್ತು ದಿನ ಡ್ಯೂಟಿ ಮುಗಿಸಿ ಬಸ್ಸು ಹೊರಡುವ ತನಕ ನಮ್ಮ ರೂಮಿನಲ್ಲೇ ಕೂತು ಅವನನ್ನು ಬೇಡಿದ್ದು. ಅವನು ಹೂಂ ಅಂದ ಕೂಡ್ಲೇ ಬ್ಯಾಗಿನಿಂದ ನಿಮ್ಮ ಫಾರ್ಮ್ ತೆಗೆದು ಸೈನ್ ಹಾಕಿದ್ರು. ನನ್ನದೇ ಪೆನ್ನು."

ನಾನು ಕೇಳಿದೆ: "ಆ ಒಂಬತ್ತು ದಿನ... ಚಹಾ?"

"ಎರಡೆರಡು ಗ್ಲಾಸು! ಮನೆಯಲ್ಲಿ ಯಾಕೋ ಸಿಗುವುದಿಲ್ಲ ಮೊಯ್ದಿನ್, ಇಲ್ಲೇ ಕುಡಿಯುವ ಅಂತಿದ್ರು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆದರೂ ತಡೆಯಲಾಗಲಿಲ್ಲ, ಮೈಯೆಲ್ಲ ಕುಲುಕಾಡುವ ಹಾಗೆ ನಗು ಬಂತು. ನಾದಿನಿ ನಾನು ಬಿಕ್ಕುತ್ತಿದ್ದೇನೆ ಅಂದುಕೊಂಡು ನೀರು ಹಿಡಿದು ಓಡಿ ಬಂದಳು. ಮೊಯ್ದಿನ್ ಹೆದರಿ ಎದ್ದು ನಿಂತು, "ನಾನು ಎಂತಾದ್ರೂ ತಪ್ಪು ಹೇಳಿದೆನಾ ಬಾಯಮ್ಮ?" ಅಂದರು. ತಪ್ಪೆಲ್ಲಿ ಬಂತು! ಮೂವತ್ತು ವರ್ಷ ನಾನು ಗೆದ್ದ ಯುದ್ಧದ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದ್ದೇನೆ, ಎದುರಾಳಿ ಆ ಹೊತ್ತಿಗೆ ಇನ್ನೊಂದು ಕಡೆ ಮಂಚಕ್ಕಾಗಿ ಹೋರಾಡುತ್ತಿದ್ದರು. ಈಗ ಜಗಳ ತೆಗೆಯಬೇಕಾದರೆ ಮನುಷ್ಯನೇ ಇಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ: ಆ ವೆಲ್ಡರ್ ಮಂಚ ಬಿಡದಿದ್ದರೂ ನಾನು ಹೋಗುತ್ತಿದ್ದೆ. ಹೇಗೆ ಅಂತ ಕೇಳಬೇಡಿ.

ಬಾಗಿಲ ತನಕ ಕಳುಹಿಸಲು ಹೋದೆ. ಮೊಯ್ದಿನ್ ಚಪ್ಪಲಿ ಹಾಕುತ್ತಾ ಹೇಳಿದರು: "ನಿಮ್ಮ ಕಾಗದ ಬಂದ ದಿನ ರೂಮಿನವರನ್ನೆಲ್ಲ ಕೂರಿಸಿ ಓದಿ ಹೇಳ್ತಿದ್ರು. ನನ್ನ ಹೆಂಡತಿ ಕಾಲೇಜಿನಲ್ಲಿ ಇದ್ದಾಳೆ, ಈ ವಾರ ಇಂಥದ್ದು ಕಲಿತಳು ಅಂತ. ನಡುವೆ ಎಲ್ಲೋ ಒಂದು ಕಡೆ ಮಾತ್ರ ನಿಲ್ಲಿಸಿ, ಕಣ್ಣು ಮುಚ್ಚಿ, ಬಾಯಿ ಚಪ್ಪರಿಸಿ, ಮುಂದಿನ ಪುಟಕ್ಕೆ ಹೋಗ್ತಿದ್ರು. ಅಲ್ಲಿ ಎಂತ ಬರೀತಿದ್ರಿ ಬಾಯಮ್ಮ?"

"ತರಕಾರಿ ವಿಷಯ," ಅಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಗಡ್ಡದೊಳಗೆ ಒಂದು ಸಣ್ಣ ನಗು ಬಂದ ಹಾಗಾಯಿತು. ಮೆಟ್ಟಿಲಿನ ಕಡೆ ತಿರುಗಿದರು. "ಮೂರು ಮಹಡಿ ಮೊಯ್ದಿನ್, ಲಿಫ್ಟ್ ಉಂಟು" ಅಂದೆ. "ಬೇಡ ಬಾಯಮ್ಮ, ಮೂವತ್ತು ವರ್ಷ ಮಿಶಿನಿನಲ್ಲಿ ಮೇಲೆ ಕೆಳಗೆ ಮಾಡಿದ್ದು ಸಾಕು" ಅಂತ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ಬಾಲ್ಕನಿಗೆ ಬಂದು ನಿಂತೆ. ಕೆಳಗೆ ರಸ್ತೆ ದಾಟುವಾಗ ಮೊಯ್ದಿನ್ ಬಲಗೈಯನ್ನು ನೆಟ್ಟಗೆ ಮೇಲೆತ್ತಿದರು, ಕ್ರೇನಿಗೆ ಸಿಗ್ನಲ್ ಕೊಡುವ ಹಾಗೆ. ಎರಡೂ ಕಡೆಯ ಗಾಡಿಗಳು ನಿಂತವು. ಅವಸರ ಮಾಡದೆ ದಾಟಿದರು, ಆಚೆ ಬದಿಯಲ್ಲಿ ಕೈ ಇಳಿಸಿದರು, ಹಿಂತಿರುಗಿ ನೋಡಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.